ಒಂದೇ ಕಿಕ್ಕಿಗೆ ಸ್ಟಾರ್ಟಾದ ಬೈಕಿನ ಬಗ್ಗೆ ಒಂದು ದೂರು

ಬರ್ಚ್ ರಸ್ತೆ, ಟಾಮರ್ಯಾಕ್ ಪಾಯಿಂಟ್, ಮಿನ್ನೆಸೋಟ
ಮೇ ತಿಂಗಳ ಕೊನೆಯ ಸೋಮವಾರ

ಮಾನ್ಯರೇ,

ಹೆದ್ದಾರಿಯು ಸರೋವರದ ಕಡೆಗೆ ತಿರುಗುವ ಜಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಪೆಟ್ರೋಲ್ ಬಂಕ್ ನಡೆಸುತ್ತ, ಈ ಊರಿನ ಟ್ರಕ್ಕು, ದೋಣಿ, ಹುಲ್ಲು ಕತ್ತರಿಸುವ ಯಂತ್ರ, ಹಿಮ ಎಸೆಯುವ ಯಂತ್ರ ಇವೆಲ್ಲಕ್ಕೂ ಅನ್ನದಾತೆಯಾಗಿರುವ ಶ್ರೀಮತಿ ಆರ್ಡಿಸ್ ಟ್ವೈಟ್ ಅವರ ಸನ್ನಿಧಾನಕ್ಕೆ, ಜಿಲ್ಲೆಯ ಹಿಮ ತಳ್ಳುವ ಲಾರಿಯ ಚಾಲಕನಾದ ಹಾಲ್ವರ್ ಬ್ರೆಕ್ಕೆ ವಿನಯಪೂರ್ವಕವಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಿನ್ನೆ ಸಂಜೆ ತಾವು ನಮ್ಮ ಪಾದ್ರಿಗಳನ್ನು ಅವರದೇ ಪಿಕಪ್ಪಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಟೈರಿನ ಗಾಳಿಯ ಬಗ್ಗೆ ಉಪದೇಶ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರಿಂದ ಈ ನಂಬಿಕೆಗೆ ಆಧಾರವೂ ಇದೆ.

ಈ ವಿಷಯವನ್ನು ಬಂಕಿನ ಕೌಂಟರಿನಲ್ಲೇ ನಿಂತು ಹೇಳಬಹುದಿತ್ತು. ಆದರೆ ಅಲ್ಲಿ ನಾನು ಶುರುಮಾಡಿದ ಯಾವ ಮಾತನ್ನೂ ತಾವು ನನಗೆ ಮುಗಿಸಲು ಬಿಟ್ಟ ಉದಾಹರಣೆ ಇಲ್ಲದ ಕಾರಣ, ನಮ್ಮ ವಾರಪತ್ರಿಕೆಯ ಮೂಲಕ, ಊರಿನ ಒಂಬೈನೂರು ಜನರ ಸಮ್ಮುಖದಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ದೂರಿನ ಸಾರಾಂಶ ಇಷ್ಟು: ಕಳೆದ ಅಕ್ಟೋಬರಿನಲ್ಲಿ ತಾವು ನನ್ನ ಮೋಟಾರ್ ಬೈಕಿಗೆ ತುಂಬಿಸಿಕೊಟ್ಟ ಪೆಟ್ರೋಲು ಆರು ತಿಂಗಳ ಚಳಿಗಾಲ ಕಳೆದರೂ ಕೆಡಲಿಲ್ಲ. ಏಪ್ರಿಲಿನಲ್ಲಿ ಬೈಕು ಒಂದೇ ಕಿಕ್ಕಿಗೆ ಸ್ಟಾರ್ಟಾಯಿತು. ಇದರಿಂದ ನನಗೆ ಆದ ತೊಂದರೆಯನ್ನು ತಾಳ್ಮೆಯಿಂದ ಓದಬೇಕಾಗಿ ಪ್ರಾರ್ಥನೆ.

ನನ್ನ ಬೈಕು ಎಪ್ಪತ್ತೆಂಟನೇ ಇಸವಿಯದು. ಎರಡು ಸಿಲಿಂಡರು, ಎರಡು ಕಾರ್ಬ್ಯುರೇಟರು. ಕೊಂಡಂದಿನಿಂದ ಹತ್ತೊಂಬತ್ತು ಚಳಿಗಾಲ ಅದನ್ನು ನಾನು ಒಂದೇ ಕ್ರಮದಲ್ಲಿ ಮಲಗಿಸಿದ್ದೆ. ಅಕ್ಟೋಬರಿನ ಕೊನೆಯ ಬಿಸಿಲಿನ ದಿನ ಸರೋವರ ಸುತ್ತಿ ಬಂದು, ಮೆಕ್ಕೆಜೋಳದ ಸ್ಪಿರಿಟ್, ಅಂದರೆ ಎಥನಾಲ್, ಬೆರೆಸಿದ ಮಾಮೂಲಿ ಪೆಟ್ರೋಲು ಟ್ಯಾಂಕಿನಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ಬಿಟ್ಟು, ಗ್ಯಾರೇಜಿನ ಮೂಲೆಗೆ ತಳ್ಳಿ, ಮೇಲೊಂದು ಕಂಬಳಿ ಹೊದಿಸಿ, ಲಾರಿ ಹತ್ತಿ ಹಿಮ ತಳ್ಳಲು ಹೋಗುತ್ತಿದ್ದೆ. ಆ ಪೆಟ್ರೋಲು ನಿಧಾನವಾಗಿ ಗಾಳಿಯ ತೇವ ಕುಡಿದು, ಹುಳಿಯಾಗಿ, ಕಾರ್ಬ್ಯುರೇಟರಿನೊಳಗೆ ಹಸಿರು ಅಂಟಾಗಿ, ಕೂದಲೆಳೆಯಷ್ಟು ಸಣ್ಣ ತೂತುಗಳನ್ನೆಲ್ಲ ಮುಚ್ಚುತ್ತಿತ್ತು. ಏಪ್ರಿಲಿನಲ್ಲಿ ಕಂಬಳಿ ತೆಗೆದು ಒದ್ದರೆ ಬೈಕು ಮುದಿ ನಾಯಿಯ ಹಾಗೆ ಒಮ್ಮೆ ಗುರ್ ಎಂದು ಸುಮ್ಮನಾಗುತ್ತಿತ್ತು.

ಮೊದಲನೇ ಏಪ್ರಿಲಿನಲ್ಲಿ ನಾನು ಇಪ್ಪತ್ತೋ ಮೂವತ್ತೋ ಸಲ ಒದ್ದು ಮೊಣಕಾಲು ಹಿಡಿದುಕೊಂಡು ಕೂತಿದ್ದಾಗ ಎದುರು ಮನೆಯ ವೈನೋ ಸಲ್ಮೆಲಾ ರಸ್ತೆ ದಾಟಿ ಬಂದ. ಅವನು ಕಬ್ಬಿಣದ ಗಣಿಯಲ್ಲಿ ದೊಡ್ಡ ಟ್ರಕ್ಕುಗಳ ಮೆಕ್ಯಾನಿಕ್. ನಾವು ಎದುರುಬದುರು ವಾಸಕ್ಕೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಅಷ್ಟೂ ಕಾಲ ಅವನು ಅಲ್ಲಿಂದ ಕೈ ಎತ್ತುವುದು, ನಾನು ಇಲ್ಲಿಂದ ಕೈ ಎತ್ತುವುದು, ಇಷ್ಟರಲ್ಲೇ ನಮ್ಮ ಸ್ನೇಹ ನಡೆದಿತ್ತು. ಅಂದು ಅವನು ಕಂಕುಳಲ್ಲಿ ಟೂಲ್ಸ್ ಸುತ್ತಿದ ಬಟ್ಟೆಯ ಸುರುಳಿ ಇಟ್ಟುಕೊಂಡು ಬಂದು, ಬೈಕನ್ನು ಒಂದು ಸುತ್ತು ಹಾಕಿ ಬಗ್ಗಿ ಮೂಸಿದ.

"ಕಾರ್ಬ್ಯುರೇಟರ್ ಬಿಚ್ಬೇಕು," ಎಂದ.

"ಎಷ್ಟು ಹೊತ್ತಾಗುತ್ತೆ?"

"ಮೂರು ಶನಿವಾರ."

ಅವನು ಗಂಟೆಯಲ್ಲಿ ಹೇಳುತ್ತಾನೆಂದು ಕಾದಿದ್ದ ನನಗೆ ಶನಿವಾರದ ಲೆಕ್ಕ ವಿಚಿತ್ರವೆನಿಸಿತು. ಆಮೇಲೆ ಅಭ್ಯಾಸವಾಯಿತು. ಪ್ರತಿ ಏಪ್ರಿಲಿನಲ್ಲೂ ಮೂರು ಶನಿವಾರ: ಒಂದು ಬಿಚ್ಚುವುದಕ್ಕೆ, ಒಂದು ತೊಳೆಯುವುದಕ್ಕೆ, ಒಂದು ಜೋಡಿಸುವುದಕ್ಕೆ. ನನ್ನ ಹೆಂಡತಿ ಮಾರ್ಲಿಸ್ ರೂಬಾರ್ಬ್ ಎಂಬ ಹುಳಿ ದಂಟಿನ ಕೇಕು ಮಾಡಿಕೊಡುತ್ತಿದ್ದಳು. ವೈನೋ ತಾನೇ ಹೊಗೆ ಹಾಕಿದ ಮೀನನ್ನು ಪೇಪರಿನಲ್ಲಿ ಸುತ್ತಿ ತರುತ್ತಿದ್ದ. ಹಿತ್ತಾಳೆಯ ತಂತಿಯಿಂದ ಅವನು ಒಂದೊಂದೇ ತೂತನ್ನು ಬಿಡಿಸುತ್ತಿದ್ದರೆ ನಾವಿಬ್ಬರೂ ಗಂಟೆಗೆ ಆರೇಳು ಮಾತು ಆಡುತ್ತಿದ್ದೆವು. ನಮ್ಮ ಕಡೆಯ ಗಂಡಸರಲ್ಲಿ ಇದು ವಾಚಾಳಿತನ ಎಂಬುದು ತಮಗೆ ತಿಳಿಯದ್ದಲ್ಲ.

ಆರನೇ ಚಳಿಗಾಲದಲ್ಲಿ ಅವನ ಹೆಂಡತಿ ಎಲ್ಮಾ ತೀರಿಕೊಂಡಳು. ಚರ್ಚಿನಲ್ಲಿ ನಾನು ಅವನ ಕೈ ಕುಲುಕಿದೆ, ಅವನು ತಲೆ ಆಡಿಸಿದ. ಆ ಏಪ್ರಿಲಿನಲ್ಲಿ ಕಂಬಳಿ ತೆಗೆಯುವುದೋ ಬೇಡವೋ ಎಂದು ಒಂದು ವಾರ ಯೋಚಿಸಿ, ಕಡೆಗೆ ತೆಗೆದು ಒದ್ದೆ. ಹನ್ನೊಂದನೇ ಕಿಕ್ಕಿಗೆ ಎದುರು ಮನೆಯ ಬಾಗಿಲು ತೆರೆಯಿತು. ಎರಡು ಶನಿವಾರ ಅವನು ಬಿಚ್ಚಿದ, ತೊಳೆದ. ಮೂರನೇ ಶನಿವಾರ, ತಂತಿಯನ್ನು ಬೆಳಕಿಗೆ ಹಿಡಿದು ನೋಡುತ್ತ, "ಎಲ್ಮಾಗೆ ಈ ವಾಸನೆ ಅಂದ್ರೆ ಇಷ್ಟ," ಎಂದ.

"ಯಾವ ವಾಸನೆ?"

"ಹಳೇ ಪೆಟ್ರೋಲ್ದು. ಗಣಿಯಿಂದ ಬಂದ ತಕ್ಷಣ ನನ್ನ ಅಂಗಿ ಮೂಸಿ ನೋಡ್ತಿದ್ಲು. ಹುಚ್ಚಿ."

ಆಮೇಲೆ ಅವನು ತಂತಿಯನ್ನು ಮತ್ತೆ ತೂತಿಗೆ ಹಾಕಿದ. ನಾನು ಅವನ ಕಪ್ಪಿಗೆ ಕಾಫಿ ಸುರಿದೆ. ಇಷ್ಟೇ ನಡೆದದ್ದು. ಆದರೆ ಆ ದಿನದಿಂದ ನನಗೆ ಕೆಟ್ಟ ಪೆಟ್ರೋಲಿನ ಬೆಲೆ ಏನೆಂದು ಗೊತ್ತು.

ಇದು ಬಹಿರಂಗ ಪತ್ರವಾದ್ದರಿಂದ ಇನ್ನೊಂದು ನಿಜವನ್ನೂ ಒಪ್ಪಿಕೊಳ್ಳುತ್ತೇನೆ. ತಮ್ಮ ಬಂಕಿನ ನೀಲಿ ಹಿಡಿಕೆಯ ಪಂಪಿನ ಮೇಲೆ, ಇದರಲ್ಲಿ ಸ್ಪಿರಿಟ್ ಬೆರೆಸಿಲ್ಲ, ಇದು ದೋಣಿ, ಹಳೇ ಕಾರು ಮತ್ತು ಮೋಟಾರ್ ಬೈಕುಗಳಿಗೆ ಮಾತ್ರ ಎಂದು ಬೈಕಿನ ಚಿತ್ರದ ಸಮೇತ ಅಂಟಿಸಿರುವ ಚೀಟಿಯನ್ನು ನಾನು ಎಂಟು ವರ್ಷದ ಹಿಂದೆಯೇ ಓದಿದ್ದೆ. ಓದಿ, ಪಕ್ಕದ ಪಂಪಿಗೆ ಹೋಗಿದ್ದೆ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿದ್ದಾಗ, ಕಳೆದ ಅಕ್ಟೋಬರಿನ ಇಪ್ಪತ್ತನಾಲ್ಕರಂದು, ನಾನು ಎಂದಿನಂತೆ ಮಾಮೂಲಿ ಪಂಪಿನ ಹಿಡಿಕೆ ಎತ್ತಿಕೊಂಡಾಗ, ತಾವು ಕೌಂಟರು ಬಿಟ್ಟು, ಕೋಟು ಕೂಡ ಹಾಕಿಕೊಳ್ಳದೆ, ಆ ಗಾಳಿಯಲ್ಲಿ ಓಡಿ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಿರಿ.

"ಏನಯ್ಯ ಹಾಲ್ವರ್, ಆರು ತಿಂಗಳು ಮಲಗೋ ಗಾಡಿಗೆ ಇದನ್ನ ಹಾಕ್ತೀಯಾ? ನಾಚಿಕೆ ಆಗಲ್ವಾ?"

ಸ್ವಲ್ಪವೇ ಹಾಕುತ್ತೇನೆಂದು ನಾನು ಹೇಳಹೊರಟೆ. ತಾವು ಬಿಡಲಿಲ್ಲ. "ಸ್ವಲ್ಪ ಹಾಕಿದ್ರೆ ಇನ್ನೂ ಕೆಡುಕು. ಖಾಲಿ ಜಾಗದಲ್ಲಿ ಗಾಳಿ, ಗಾಳಿಯಲ್ಲಿ ನೀರು, ನೀರಿಂದ ತುಕ್ಕು. ನೀಲಿ ಹಿಡಿಕೆ ತಗೋ. ಕುತ್ತಿಗೆ ತನಕ ತುಂಬ್ಸು. ಈ ಬಾಟ್ಲೀದೂ ಒಂದು ಮುಚ್ಚಳ ಸುರಿ, ಪೆಟ್ರೋಲು ಹಾಳಾಗಲ್ಲ. ಐದು ನಿಮಿಷ ಎಂಜಿನ್ ಓಡ್ಸಿ, ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಲ್ಲಿ ಇರೋದನ್ನ ಕೆಳಗೆ ಬಿಟ್ಬಿಡು. ಅಷ್ಟೇ. ಬ್ಯಾಟರಿ ಬಿಚ್ಚಿ ಮನೆ ಒಳಗಿಡು."

ಹಿಂದೆ ಪಿಕಪ್ಪಿನಲ್ಲಿ ಸರದಿ ಕಾಯುತ್ತಿದ್ದ ಪಾದ್ರಿ ನೂಡ್ಸೆನ್ ಅವರು ಗಾಜು ಇಳಿಸಿ, "ಅವಳು ಹೇಳೋದು ಸರಿಯಾಗಿದೆ ಹಾಲ್ವರ್," ಎಂದು ಸಾಕ್ಷಿ ನುಡಿದರು. ಪಾದ್ರಿಗಳ ಎದುರಿಗೆ, ನನಗೆ ಕೆಟ್ಟ ಪೆಟ್ರೋಲೇ ಬೇಕು, ಏಕೆಂದರೆ ನನಗೆ ಎದುರು ಮನೆಯವನ ಜೊತೆ ಕೂರಬೇಕು ಎಂದು ಹೇಳುವಷ್ಟು ಎದೆಗಾರಿಕೆ ನನ್ನಲ್ಲಿರಲಿಲ್ಲ. ತಾವು ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡಿದೆ.

ತಮ್ಮ ಸಲಹೆಯ ಗುಣಮಟ್ಟವನ್ನು ಇಲ್ಲಿ ಹೊಗಳದಿದ್ದರೆ ತಪ್ಪಾದೀತು. ಈ ಸಲದ ಚಳಿ ಎಂಥದ್ದೆಂದು ಎಲ್ಲರಿಗೂ ಗೊತ್ತು; ಜನವರಿಯಲ್ಲಿ ನನ್ನ ಲಾರಿಯೇ ಎರಡು ಬೆಳಿಗ್ಗೆ ಎದ್ದೇಳಲಿಲ್ಲ. ಅಂಥದ್ದರಲ್ಲಿ, ಏಪ್ರಿಲಿನ ಮೂರನೇ ಶನಿವಾರ ಕಂಬಳಿ ತೆಗೆದು, ಬ್ಯಾಟರಿ ಕೂರಿಸಿ, ವಾಡಿಕೆಯಂತೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಉಸಿರು ಎಳೆದುಕೊಂಡು ಒಂದು ಕಿಕ್ ಕೊಟ್ಟರೆ ಬೈಕು ತಕ್ಷಣ ಎದ್ದು, ನಿದ್ದೆಯೇ ಮಾಡದವರ ಹಾಗೆ ಗುಡುಗುಡು ಎಂದು ನಿಂತಿತು. ನಾನು ಖುಷಿಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. ಖುಷಿ ಸುಮಾರು ಎರಡು ನಿಮಿಷ ಇತ್ತು.

ಆಗ ಕತ್ತೆತ್ತಿ ನೋಡಿದರೆ ವೈನೋ ರಸ್ತೆಯ ನಟ್ಟನಡುವೆ ನಿಂತಿದ್ದ. ಕಂಕುಳಲ್ಲಿ ಟೂಲ್ಸಿನ ಸುರುಳಿ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಮೀನು.

"ಸ್ಟಾರ್ಟಾಯ್ತಲ್ಲ," ಎಂದ.

"ಹ್ಞೂಂ. ಆಯ್ತು."

"ಒಳ್ಳೇದಾಯ್ತು ಬಿಡು."

ಮೀನನ್ನು ನಮ್ಮ ಅಂಚೆಪೆಟ್ಟಿಗೆಯ ಮೇಲಿಟ್ಟು ಅವನು ಮನೆಗೆ ವಾಪಸಾದ. ಆ ದಿನ ಮಾರ್ಲಿಸ್ ಮಾಡಿದ್ದ ಕೇಕು ಹನ್ನೆರಡು ತುಂಡು. ಹನ್ನೆರಡನ್ನೂ ನಾನೇ ತಿಂದೆ. ಸಂಜೆ ನನಗಾದ ಹೊಟ್ಟೆನೋವು ಕೂಡ ತಮ್ಮ ಪೆಟ್ರೋಲಿನ ಅಡ್ಡ ಪರಿಣಾಮವೆಂದೇ ಭಾವಿಸಿದ್ದೇನೆ.

ಮುಂದಿನ ಶನಿವಾರ ನಾನು ಮಾಡಿದ್ದನ್ನು ಬರೆಯಲು ಸಂಕೋಚವಾಗುತ್ತದೆ. ಎರಡೂ ಸ್ಪಾರ್ಕ್ ಪ್ಲಗ್ಗಿನ ಕ್ಯಾಪುಗಳನ್ನು ಕೈಯಾರೆ ಕಿತ್ತು, ಗ್ಯಾರೇಜಿನ ಬಾಗಿಲನ್ನು ಪೂರ್ತಿ ತೆರೆದು, ಬೈಕನ್ನು ರಸ್ತೆಯ ಕಡೆಗೆ ತಿರುಗಿಸಿಟ್ಟುಕೊಂಡು, ನಲವತ್ತು ಸಲ ಒದ್ದೆ. ಬಾಯಲ್ಲಿ ಬೈಗುಳವನ್ನೂ ಸ್ವಲ್ಪ ಜೋರಾಗಿಯೇ ಹೇಳಿಕೊಂಡೆ. ವೈನೋ ಬಂದ. ಬಗ್ಗಿ ನೋಡಿದ. ಟೂಲ್ಸಿನ ಸುರುಳಿಯನ್ನು ಬಿಚ್ಚಲೂ ಇಲ್ಲ.

"ಕ್ಯಾಪ್ ಕಳಚಿದೆ."

"ಹೌದಾ?"

"ಎರಡೂ ಕಳಚಿದೆ."

"ಇಲಿ ಇರ್ಬೇಕು," ಎಂದೆ.

ವೈನೋ ಎರಡು ಕ್ಯಾಪುಗಳನ್ನೂ ಅಂಗೈಯಿಂದ ಒತ್ತಿ ಕೂರಿಸಿದ. "ಒಳ್ಳೆ ಕೆಲಸಗಾರ ಇಲಿ. ತಂತಿಗೆ ಒಂದು ಗೀರೂ ಬಿದ್ದಿಲ್ಲ," ಎಂದ. ನಾನು ಒದ್ದೆ. ತಮ್ಮ ಪೆಟ್ರೋಲು ನನ್ನ ಮಾನ ಕಳೆಯಲೆಂದೇ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅವನು ಇನ್ನೊಂದು ಅರ್ಧ ನಿಮಿಷ ನಿಂತಿದ್ದು ಹೊರಟುಹೋದ. ಕಾಫಿ ಕುಡಿಯುತ್ತೀಯಾ ಎಂದು ನಾನು ಕೇಳಬಹುದಿತ್ತು. ಹತ್ತೊಂಬತ್ತು ವರ್ಷದಲ್ಲಿ ಎಂದೂ ಕೇಳಿದ್ದಿಲ್ಲ. ಕಾರ್ಬ್ಯುರೇಟರು ಬಿಚ್ಚಿದ ಮೇಲೆ ಕಾಫಿ ತಾನಾಗಿಯೇ ಬರುತ್ತಿತ್ತು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ಬೇಡಿಕೆಗಳಿವೆ. ನೀಲಿ ಹಿಡಿಕೆಯ ಪಕ್ಕದಲ್ಲಿ ದಯವಿಟ್ಟು ಇನ್ನೊಂದು ಹಿಡಿಕೆ ಹಾಕಿಸಿ, ಅದರಲ್ಲಿ ಹದವಾಗಿ ಕೆಡುವ ಪೆಟ್ರೋಲನ್ನು ಒದಗಿಸಬೇಕು. ಪೂರ್ತಿ ಕೆಟ್ಟು ಟ್ಯಾಂಕು ತುಕ್ಕು ಹಿಡಿಯಬಾರದು, ಕೆಡದೆಯೂ ಇರಬಾರದು, ಸರಿಯಾಗಿ ಮೂರು ಶನಿವಾರದ ಕೆಲಸ ಕೊಡುವಷ್ಟು ಮಾತ್ರ ಅಂಟು ಕಟ್ಟಬೇಕು. ನೀಲಿ ಪಂಪಿನ ಚೀಟಿಯ ಕೆಳಗೆ, ಇದನ್ನು ಬಳಸಿದವರ ಮನೆಗೆ ನೆರೆಯವರು ಬರುವುದು ನಿಲ್ಲಬಹುದು ಎಂದು ದಪ್ಪ ಅಕ್ಷರದಲ್ಲಿ ಸೇರಿಸಬೇಕು. ಆ ಬಾಟಲಿಯ ಕಂಪನಿಯವರಿಗೂ ನನ್ನ ಪರವಾಗಿ ಎರಡು ಮಾತು ಬರೆಯಬೇಕು. ಎಲ್ಲವನ್ನೂ ಕೆಡದ ಹಾಗೆ ಕಾಪಾಡುವ ಹಕ್ಕು ಅವರಿಗೆ ಯಾರು ಕೊಟ್ಟರೋ ತಿಳಿಯಬೇಕಾಗಿದೆ.

ಪತ್ರವನ್ನು ನಾನು ಇಲ್ಲಿಗೇ ಮುಗಿಸಿ ಏಪ್ರಿಲ್ ಕೊನೆಯಲ್ಲೇ ಪತ್ರಿಕೆಗೆ ಕೊಡುವವನಿದ್ದೆ. ಅದನ್ನು ಓದಿದ ಮಾರ್ಲಿಸ್ ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದಳು.

"ರಸ್ತೆ ಎಷ್ಟಗಲ ಇದೆ?"

"ಮೂವತ್ತು ಹೆಜ್ಜೆ ಇರ್ಬಹುದು."

"ಮೂವತ್ತು ಹೆಜ್ಜೆ ನಡಿಯೋಕೆ ನಿನಗೆ ಬೈಕ್ ಕೆಡ್ಬೇಕಾ? ಎದ್ದೇಳು."

ಆದ್ದರಿಂದ ಅದರ ಮರು ಶನಿವಾರ ನಾನು ಕೈಯಲ್ಲಿ ಏನೂ ಇಲ್ಲದೆ ರಸ್ತೆ ದಾಟಿ ವೈನೋನ ಬಾಗಿಲು ಬಡಿದೆ. ಇಪ್ಪತ್ತಮೂರು ವರ್ಷದಲ್ಲಿ ಅವನ ಅಡುಗೆಮನೆಗೆ ಕಾಲಿಟ್ಟದ್ದು ಅದೇ ಮೊದಲು. ಅವನು ನನ್ನನ್ನು ಕೂರಿಸಿ ಕಾಫಿ ಸುರಿದ. ಸುರಿಯುವಾಗ ಅರ್ಧ ಕಪ್ಪಿಗೆ ಬಿತ್ತು, ಅರ್ಧ ಮೇಜಿಗೆ ಬಿತ್ತು. ನಾನು ಕಿಟಕಿಯ ಕಡೆ ನೋಡಿದೆ.

"ನೋಡು, ಪರವಾಗಿಲ್ಲ," ಎಂದ ವೈನೋ, ಬಟ್ಟೆಯಿಂದ ಒರೆಸುತ್ತ. "ಹೋದ ಬೇಸಿಗೆಯಿಂದ ಹೀಗೆ. ಕೈ ಮಾತು ಕೇಳ್ತಿಲ್ಲ. ದೊಡ್ಡ ಸ್ಪ್ಯಾನರ್ ಹಿಡೀತೀನಿ. ಆ ತಂತಿ ಹಿಡಿಯೋಕಾಗಲ್ಲ."

"ಡಾಕ್ಟರು?"

"ಮಾತ್ರೆ ಕೊಟ್ಟಿದ್ದಾರೆ. ಸಾಯೋ ಕಾಯಿಲೆ ಅಲ್ವಂತೆ. ಕಾಫಿ ಚೆಲ್ಲೋ ಕಾಯಿಲೆ." ಅವನು ಕೂತುಕೊಂಡ. "ಅದಕ್ಕೇ ಆರ್ಡಿಸ್‌ಗೆ ಹೇಳಿದ್ದೆ. ಈ ವರ್ಷ ಹಾಲ್ವರ್ ಬಂದ್ರೆ ನೀಲಿ ಹಿಡಿಕೆದೇ ಹಾಕ್ಸು, ಬಿಡ್ಬೇಡ ಅಂತ."

ಮಾನ್ಯರೇ, ತಾವು ಕೋಟಿಲ್ಲದೆ ಯಾಕೆ ಓಡಿ ಬಂದಿರಿ ಎಂಬುದು ಆಗ ನನಗೆ ತಿಳಿಯಿತು.

"ಹಂಗಾದ್ರೆ ನಿನಗೆ ಆ ಪೆಟ್ರೋಲ್ ವಿಷಯ ಮೊದ್ಲಿಂದ ಗೊತ್ತಿತ್ತು," ಎಂದೆ.

"ನಾನು ಮೆಕ್ಯಾನಿಕ್ ಕಣೋ."

"ಹತ್ತೊಂಬತ್ತು ವರ್ಷ ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

ಇಬ್ಬರೂ ಕಾಫಿ ಕುಡಿದೆವು. "ಸ್ಟಾರ್ಟ್ ಆಗುತ್ತೆ ಅಂತ ಗೊತ್ತಿದ್ದೂ ಆವತ್ತು ಟೂಲ್ಸ್ ಹಿಡ್ಕೊಂಡು ಯಾಕೆ ಬಂದೆ?" ಎಂದು ಕೇಳಿದೆ.

ವೈನೋ ಒರೆಸುವ ಬಟ್ಟೆಯನ್ನು ಮಡಿಸಿಟ್ಟ. "ಶನಿವಾರ ಅಲ್ವಾ," ಎಂದ.

ಅದಾದ ಮೇಲೆ ಮಾತನಾಡುವ ಸರದಿ ನನ್ನದೇ ಎಂಬುದು ನನಗೂ ಗೊತ್ತಿತ್ತು. ಬಹಳ ಪ್ರಯಾಸಪಟ್ಟು, "ಬೈಕ್‌ಗೆ ಹಿಂದೆ ಒಂದು ಸೀಟಿದೆ," ಎಂದೆ.

"ನೋಡಿದ್ದೀನಿ. ಅದರ ಬೋಲ್ಟು ಬಿಗಿ ಮಾಡಿದ್ದೇ ನಾನು."

"ಕೂತಿಲ್ಲ."

"ಕೂತ್ಕೋ ಅಂತ ಯಾರೂ ಹೇಳ್ಲಿಲ್ಲ."

ತಾವೇ ಲೆಕ್ಕ ಹಾಕಿ ನೋಡಿ. ಹತ್ತೊಂಬತ್ತು ಸಲ ಆ ಎಂಜಿನ್ನನ್ನು ಬದುಕಿಸಿಕೊಟ್ಟು, ಹತ್ತೊಂಬತ್ತು ಸಲವೂ ಅದು ಶಬ್ದ ಮಾಡಿದ ಕೂಡಲೇ ಕೈ ಒರೆಸಿಕೊಂಡು ಮನೆಗೆ ಹೋದ ಮನುಷ್ಯ ಅವನು. ನಾನು ಅವನಿಗೆ ಕೈ ಬೀಸಿ ಒಬ್ಬನೇ ಸರೋವರ ಸುತ್ತಲು ಹೋಗುತ್ತಿದ್ದೆ. ಈ ದೂರು ಯಾರ ಮೇಲೆ ದಾಖಲಾಗಬೇಕಾಗಿತ್ತು ಎಂಬ ಬಗ್ಗೆ ನನಗೆ ಆ ಅಡುಗೆಮನೆಯಲ್ಲಿ ಮೊದಲ ಬಾರಿಗೆ ಸಂಶಯ ಬಂತು.

ಮಾರ್ಲಿಸಳ ಹೆಲ್ಮೆಟ್ಟು ಅವನ ತಲೆಗೆ ಸರಿಯಾಗಿ ಕೂತಿತು. ಅದರ ಮೇಲೆ ಡೇಸಿ ಹೂವಿನ ಚಿತ್ರವಿದೆ, ಅವನು ಆಕ್ಷೇಪಿಸಲಿಲ್ಲ. ಸರೋವರದ ದಂಡೆಯಲ್ಲಿ ಮಂಜುಗಡ್ಡೆ ಇನ್ನೂ ಬೂದು ಚೂರುಗಳಾಗಿ ತೇಲುತ್ತಿತ್ತು, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನನ್ನ ಜಾಕೆಟ್ಟನ್ನು ಹಿಡಿದಿದ್ದ ಅವನ ಕೈ ನಡುಗುತ್ತಿತ್ತೋ, ಎರಡು ಸಿಲಿಂಡರಿನ ಬೈಕಿನ ಮೇಲೆ ಎಲ್ಲರ ಕೈ ನಡುಗುವ ಹಾಗೆಯೇ ನಡುಗುತ್ತಿತ್ತೋ ಹೇಳುವುದು ಸಾಧ್ಯವಿರಲಿಲ್ಲ. ದಿಬ್ಬ ಹತ್ತುವಾಗ ಅವನು ನನ್ನ ಭುಜ ತಟ್ಟಿದ. ಏನೋ ಮನಸ್ಸಿನ ಮಾತು ಹೇಳುತ್ತಾನೆಂದು ನಾನು ವೇಗ ಇಳಿಸಿದೆ.

"ಎಡಗಡೆ ಕಾರ್ಬ್ಯುರೇಟರ್ ಜಾಸ್ತಿ ಕುಡೀತಿದೆ," ಎಂದು ಕಿವಿಯ ಹತ್ತಿರ ಕೂಗಿದ. "ಬಿಚ್ಬೇಕು."

"ಎಷ್ಟು ಶನಿವಾರ?"

"ಬೇಸಿಗೆ ಪೂರ್ತಿ."

ಹಾಗಾಗಿ, ಮಾನ್ಯರೇ, ಇದುವರೆಗೆ ನಾಲ್ಕು ಶನಿವಾರ ಕಳೆದಿವೆ. ಈಗ ಬಿಚ್ಚುವವನು ನಾನು, ಬೈಯುವವನು ಅವನು. ಟಾರ್ಚು ಹಿಡಿಯುವ ಕೆಲಸವನ್ನು ಅವನು ವಹಿಸಿಕೊಂಡಿದ್ದಾನೆ. ಬೆಳಕು ಸ್ವಲ್ಪ ಕುಣಿಯುತ್ತದೆ. ಅದು ಸ್ಕ್ರೂವಿನ ಮೇಲೆ ಹಾದುಹೋಗುವ ಕ್ಷಣಕ್ಕೆ ಕಾದು ನಾನು ತಿರುಗಿಸುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ, ಬಿಚ್ಚಿದ್ದು ಜೋಡಣೆಯಾಗಿದ್ದರೆ, ಇಬ್ಬರೂ ಸವಾರಿ ಹೋಗುತ್ತೇವೆ. ಆಗಿರದಿದ್ದರೆ ಅವನ ಟ್ರಕ್ಕಿನಲ್ಲಿ ಹೋಗುತ್ತೇವೆ. ಅವನಿಗಾಗಿ ಹೂವಿಲ್ಲದ ಹೆಲ್ಮೆಟ್ಟೊಂದನ್ನು ಕೊಂಡೆ. ಅವನು ಅದನ್ನು ನೋಡಿ, ಡೇಸಿಯದೇ ಇರಲಿ ಎಂದ.

ಈ ಎಲ್ಲ ಕಾರಣಗಳಿಂದ ನನ್ನ ದೂರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆಂದು ತಾವು ಭಾವಿಸಕೂಡದು. ನನಗೆ ತಿಳಿಸದೆ ನನ್ನ ಟ್ಯಾಂಕಿನ ವಿಚಾರದಲ್ಲಿ ಇಬ್ಬರು ಸೇರಿ ಸಂಚು ನಡೆಸಿದ್ದು, ಪಾದ್ರಿಗಳನ್ನು ಅದರೊಳಗೆ ಎಳೆದದ್ದು, ಆರು ತಿಂಗಳು ಗುಟ್ಟು ಕಾಪಾಡಿದ್ದು, ಇವೆಲ್ಲ ದೂರಿನ ಪಟ್ಟಿಗೆ ಹೊಸದಾಗಿ ಸೇರಿವೆ. ಅದರಲ್ಲೂ ಗುಟ್ಟು ಕಾಪಾಡಿದ್ದನ್ನು, ತಮ್ಮನ್ನು ಬಲ್ಲ ಊರಿನವರು ಯಾರೂ ನಂಬುತ್ತಿಲ್ಲ. ಬರುವ ಅಕ್ಟೋಬರಿನಲ್ಲಿ ನಾನು ಯಾವ ಹಿಡಿಕೆ ಎತ್ತಿಕೊಳ್ಳುತ್ತೇನೆಂಬುದು ನನ್ನ ಮತ್ತು ನನ್ನ ಹಿಂದಿನ ಸೀಟಿನವನ ಖಾಸಗಿ ವಿಷಯ. ತಾವು ಆ ದಿನ ಕೌಂಟರಿನಲ್ಲೇ, ಕೋಟು ಹಾಕಿಕೊಂಡು, ಬೆಚ್ಚಗೆ ಕೂತಿರಬೇಕಾಗಿ ಕೋರುತ್ತೇನೆ.

ಆರು ತಿಂಗಳು ಇಟ್ಟರೂ ಕೆಡದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಹಾಲ್ವರ್ ಬ್ರೆಕ್ಕೆ

ತಾ.ಕ.: ಕಳೆದ ಶನಿವಾರ ಪೆಟ್ರೋಲಿಗೆಂದು ನಿಲ್ಲಿಸಿದಾಗ ತಮ್ಮ ಕೌಂಟರಿನ ಪಕ್ಕದ ಪಾತ್ರೆಯಲ್ಲಿದ್ದ ಕಾಫಿಯನ್ನು ನಾವಿಬ್ಬರೂ ಕುಡಿದೆವು. ವೈನೋ ಅದನ್ನು ಎರಡು ಸಲ ಮೂಸಿ ನೋಡಿ, ತಳದಲ್ಲಿ ಅಂಟು ಕಟ್ಟಿದೆಯೆಂದೂ, ಕಳೆದ ಚಳಿಗಾಲದಿಂದ ಬದಲಾಯಿಸಿಲ್ಲವೆಂದೂ ತೀರ್ಪು ಕೊಟ್ಟಿದ್ದಾನೆ. ಆ ಬಾಟಲಿಯದು ಒಂದು ಮುಚ್ಚಳ ಅದಕ್ಕೂ ಸುರಿಯಬಾರದೇಕೆ? ಅದು ಬೇಡವಾದರೆ, ಪಾತ್ರೆ ತೊಳೆಯಲು ನಾವು ಶನಿವಾರ ಬರಲು ಸಿದ್ಧರಿದ್ದೇವೆ. ಮೂರು ವಾರ ಹಿಡಿಯಬಹುದು.